ಮದುಮಗಳ ಸಹಿ

ಚರ್ಚಿನ ಗುಮಾಸ್ತ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಿಡಿಯದೇ ಇದ್ದಿದ್ದರೆ, ಬೇಕರಿಯವನ ಆ ದಿನವೂ ಉಳಿದ ದಿನಗಳ ಹಾಗೆ ಬರೀ ಸುಸ್ತಿನಲ್ಲಿ ಮುಗಿದುಹೋಗುತ್ತಿತ್ತು. ಬೆಳಿಗ್ಗೆ ಬ್ರೆಡ್ಡು ಕೊಳ್ಳಲು ಬಂದ ಗುಮಾಸ್ತ ಗುಟ್ಟು ಹೇಳುವವನಂತೆ ಮುಂದಕ್ಕೆ ಬಾಗಿ, ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ.

“ನಿಮ್ಮ ಮದುವೆ ಪುಟ ಸಿಕ್ತು. ನಿಮ್ಮ ಸಹಿ ಇದೆ, ಸಾಕ್ಷಿಗಳದ್ದಿದೆ, ಗುರುಗಳದ್ದೂ ಇದೆ. ಮದುಮಗಳ ಜಾಗ ಮಾತ್ರ ಖಾಲಿ.”

“ಅಂದ್ರೆ?”

“ಅಂದ್ರೆ ನೀವು ಮದುವೆ ಆಗಿದೀರಿ. ಅವರು ಆಗಿಲ್ಲ.”

ಪಕ್ಕದ ಅಂಗಡಿಯ ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಓಡಿಬಂದ. “ಪುಣ್ಯವಂತ ಕಣಯ್ಯ ನೀನು,” ಎಂದ. ಸುಳ್ಳೇಕೆ, ಬೇಕರಿಯವನಿಗೂ ಒಂದು ಗಳಿಗೆ ಆಸೆಯಾಯಿತು. ಇಪ್ಪತ್ತೆಂಟು ವರ್ಷದಿಂದ ಮೂರು ಗಂಟೆಗೇ ಎದ್ದು ಹಿಟ್ಟು ನಾದುವುದು, ಮನೆಗೆ ಹೋದರೆ ಹೆಂಡತಿಯ ಬಾಯಲ್ಲಿ ತಾನೇ ಹಿಟ್ಟಾಗುವುದು. ಒಂದು ಕೋಣೆ, ಒಂದು ಮಂಚ, ಯಾರೂ ಎಬ್ಬಿಸದ ನಿದ್ದೆ. ಅಷ್ಟು ಸಿಕ್ಕರೆ ಅವನಿಗೆ ಸಾಕಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಕೇರಿ ಅದು. ಮಧ್ಯಾಹ್ನ ಊಟಕ್ಕೆ ಹೋಗುವಷ್ಟರಲ್ಲಿ ಸುದ್ದಿ ಮೊದಲೇ ಮನೆ ಸೇರಿ, ಅತ್ತೆ ಬಾಗಿಲಿಗೆ ಅಡ್ಡ ಕುಳಿತಿದ್ದರು.

“ಅಳಿಯಂದಿರೇ ಅಂತ ಕರೆಯೋದೂ ಈಗ ತಪ್ಪಾಗುತ್ತೆ. ಇತ್ಯರ್ಥ ಆಗೋ ತನಕ ನನ್ನ ಮಗಳು ಪರ ಗಂಡಸಿಗೆ ಊಟ ಬಡಿಸಲ್ಲ.”

ಒಳಗಿನಿಂದ ಹೆಂಡತಿಯ ದನಿಯೇ ಇಲ್ಲ. ಬಯ್ದಿದ್ದರೆ ಅವನಿಗೆ ಧೈರ್ಯವಾದರೂ ಬರುತ್ತಿತ್ತು. ಅಷ್ಟರಲ್ಲಿ ಎದುರುಮನೆಯಾಕೆ ಕಿಟಕಿಯಿಂದಲೇ ತನ್ನ ದೊಡ್ಡಪ್ಪನ ಮಗಳ ವಿಷಯ ತೆಗೆದಳು. ವಯಸ್ಸು ಸ್ವಲ್ಪ ಆಗಿದೆ, ಆದರೆ ಗಟ್ಟಿಮುಟ್ಟಾಗಿದ್ದಾಳಂತೆ. ಹೆಂಡತಿಯಿಲ್ಲದ ಮನೆಯನ್ನು ಬೇಕರಿಯವನು ಮೊದಲ ಸಲ ನೆನೆದು ನೋಡಿದ. ಹೊಟ್ಟೆಯ ಹಸಿವಿಗಿಂತ ಹೆದರಿಕೆ ಜೋರಾಯಿತು. ನೇರ ಚರ್ಚಿಗೆ ನಡೆದ.

ಮುದಿ ಗುರುಗಳು ಸಮಾಧಾನವಾಗಿ ಕೇಳಿಸಿಕೊಂಡರು. “ಮದುವೆಯ ಸಂಸ್ಕಾರ ಕೊಡೋದು ಯಾರಪ್ಪ?”

“ನೀವೇ ಅಲ್ವಾ ಫಾದರ್?”

“ನಾವು ನಿಂತು ನೋಡೋರು. ಗಂಡು ಹೆಣ್ಣಿಗೆ ಕೊಡ್ತಾನೆ, ಹೆಣ್ಣು ಗಂಡಿಗೆ ಕೊಡ್ತಾಳೆ. ಪೀಠದ ಮುಂದೆ ಇಬ್ಬರೂ ಮನಸಾರೆ ಹೌದು ಅಂದ್ರಾ?”

“ಅಂದ್ವಿ.”

“ಮತ್ತೇನು? ದೇವರು ಕೂಡಿಸಿದ್ದನ್ನ ಸಾವೊಂದೇ ಬಿಡಿಸಬೇಕು. ರಿಜಿಸ್ಟರು ಬರೀ ಕಾಗದ. ಆದ್ರೂ ಆಕೇನ ಕರ್ಕೊಂಡು ಬಾ, ಒಂದು ಸಹಿ ಹಾಕಿಬಿಡಲಿ.”

ಬೇಕರಿಯವನ ಎದೆ ಹಗುರಾಯಿತು. ಮೂರು ಗಂಟೆಗೆ ಏಳುವುದು ಸಾಯುವವರೆಗೂ ತಪ್ಪಿದ್ದಲ್ಲ ಎಂಬುದೂ ಅದರ ಹಿಂದೆಯೇ ಹೊಳೆಯಿತು.

ಸಂಜೆ ಹೆಂಡತಿ ಬಂದಳು. ಹಿಂದೆ ಅತ್ತೆ, ಕ್ಷೌರಿಕ, ಎದುರುಮನೆಯಾಕೆ. ಗುಮಾಸ್ತ ಪುಟ ತೆರೆದು ಪೆನ್ನು ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು.

“ನಾನು ಮರೆತದ್ದಲ್ಲ ಫಾದರ್. ಹೌದು ಅಂದದ್ದು ಮನಸಾರೆ, ಅದರಲ್ಲಿ ಎರಡು ಮಾತಿಲ್ಲ. ಸಹಿ ಮಾತ್ರ, ಇವರನ್ನ ಸ್ವಲ್ಪ ದಿನ ನೋಡಿ ಹಾಕ್ತೀನಿ ಅಂದಿದ್ದೆ. ಆಗಿನ ಗುರುಗಳೂ ಆಗಲಿ ಮಗಳೇ ಅಂದ್ರು.”

“ಇಪ್ಪತ್ತೆಂಟು ವರ್ಷ ಆಯ್ತಲ್ಲಮ್ಮ.”

“ಹೌದು, ನೋಡ್ತಾನೇ ಇದೀನಿ.”

ಪೆನ್ನನ್ನು ಗುಮಾಸ್ತನಿಗೆ ಹಿಂದಿರುಗಿಸಿ ಅವಳು ಗಂಡನತ್ತ ತಿರುಗಿದಳು. “ನೀವಂತೂ ಹಾಕಿದೀರಲ್ಲ, ನಡೀರಿ. ಊಟ ಆರ್ತಿದೆ.”