ವಾಡೆಯ ದೆವ್ವಕ್ಕೆ ಉಡಿ ತುಂಬಿದ ಭಾನುವಾರ

ಇಪ್ಪತ್ತೆರಡು ವರ್ಷ ಹೈಸ್ಕೂಲ್ ಹುಡುಗರಿಗೆ ಭೂಗೋಳ ಕಲಿಸಿದವನಿಗೆ ಮೂವರು ದೊಡ್ಡವರನ್ನು ಹೆದರಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದರ ಫಲವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ಆಟದ ವಿಷಯ ಹೇಳಬೇಕು. ಆರು ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಆಟ ನಡೆಯುತ್ತದೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಅದರೊಳಗಿನ ಒಂದೊಂದು ಪಾತ್ರವಾಗಿ ತಾವೀಗ ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಒಂದೊಂದು ಕಥೆ ತಿಂಗಳುಗಟ್ಟಲೆ ಸಾಗುತ್ತದೆ. ನನ್ನ ಹೆಂಡತಿ ಶಾಂತಾ ಇದನ್ನು ಕುಂತಲ್ಲೇ ಕುಂತು ಊರು ತಿರುಗುವ ಆಟ ಎನ್ನುತ್ತಾಳೆ. ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ಸಿಕ್ಕಿಲ್ಲ.

ಕಥೆ ನಡೆಸುತ್ತಿದ್ದವರು ಬ್ಯಾಂಕಿನ ಮ್ಯಾನೇಜರ್ ಒಬ್ಬರು. ಅವರಿಗೆ ಈ ವರ್ಷ ವರ್ಗವಾಯಿತು. ಉಳಿದವರು ಶಿಗ್ಗಾಂವಿಯ ವಕೀಲೆ ಗಿರಿಜಕ್ಕ, ಸವಣೂರಿನಲ್ಲಿ ಔಷಧದ ಅಂಗಡಿ ಇಟ್ಟಿರುವ ರಫೀಕ್, ಹಿರೇಕೆರೂರಿನ ದನದ ಡಾಕ್ಟರ್ ಪಾಟೀಲರು ಮತ್ತು ನಾನು. ನನ್ನನ್ನು ಬಿಟ್ಟು ಮೂವರೂ ಬಸ್ಸು ಹಿಡಿದು ಬರುವವರು. ನಡೆಸುವವರೇ ಇಲ್ಲದ ಮೇಲೆ ಬಸ್ಸನ್ನು ಯಾಕೆ ಹಿಡಿಯಬೇಕು? ಭಾನುವಾರ ಮಲಗುವುದೂ ದೇಹಕ್ಕೆ ಒಳ್ಳೆಯದೇ ಎಂದರು ಡಾಕ್ಟರು. ಗಿರಿಜಕ್ಕ ನೋಡೋಣ ಎಂದರು. ವಕೀಲರು ನೋಡೋಣ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ನನಗೆ ಗೆಳೆಯರೆಂದರೆ ಈ ಮೂವರೇ. ಭಾನುವಾರ ಹೋದರೆ ಇವರೂ ಹೋದರು. ಗಾಬರಿಯಲ್ಲಿ ನನ್ನ ಬಾಯಿಂದ, ನಾನೇ ನಡೆಸುತ್ತೇನೆ, ಅದೂ ಭಯಾನಕ ಕಥೆ ಎಂಬ ಮಾತು ಬಂದುಬಿಟ್ಟಿತು.

"ನೀವ?" ಎಂದರು ಡಾಕ್ಟರು.

ಆ ಒಂದು ಶಬ್ದ ನನ್ನಿಂದ ಇನ್ನೂರು ಪುಟ ಬರೆಸಿತು. ಪಾಳುಬಿದ್ದ ದೇಸಾಯರ ವಾಡೆ, ಕತ್ತಲ ಅಟ್ಟ, ಅಂಗಳದ ಕೆಳಗೆ ಜೋಳ ತುಂಬುವ ಹಗೇವು, ಅದರೊಳಗೊಂದು ರಹಸ್ಯ. ದೆವ್ವವಾಗಿ ಆ ಮನೆಯ ಮಗಳು ಚಂದ್ರವ್ವ. ನಾಗರಪಂಚಮಿಗೆಂದು ತವರಿಗೆ ಬಂದವಳು, ಗಂಡನ ಮನೆಗೆ ಹೊರಡುವ ಹಿಂದಿನ ದಿನ ಜ್ವರ ಬಂದು ಸತ್ತಳು. ಅಂದಿನಿಂದ ತಲೆಬಾಗಿಲಲ್ಲಿ ನಿಂತಿದ್ದಾಳೆ. ಯಾರನ್ನೂ ಒಳಗೆ ಬಿಡುವುದಿಲ್ಲ, ತಾನೂ ಹೊರಟು ಹೋಗುವುದಿಲ್ಲ. ಆಕೆಯಿಂದ ಪಾರಾಗಲು ಆಟಗಾರರಿಗೆ ಕನಿಷ್ಠ ಮೂರು ತಿಂಗಳು ಬೇಕೆಂದು ಅಂದಾಜು ಮಾಡಿದ್ದೆ. ಬರೆಯುತ್ತ ಬರೆಯುತ್ತ ನನಗೇ ಹೆದರಿಕೆಯಾಗಿ, ಕೊನೆಯ ಅಧ್ಯಾಯಗಳನ್ನು ಶಾಂತಾ ಅಡುಗೆ ಮಾಡುವಾಗ ಅಲ್ಲೇ ಪಕ್ಕದಲ್ಲಿ ಕೂತು ಮುಗಿಸಿದೆ. ಕೃತಿ ಉತ್ತಮವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ!

ವಾತಾವರಣವೂ ಬೇಕಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದೆ. ಮೇಣದಬತ್ತಿ ಆರಬಾರದೆಂದು ಫ್ಯಾನು ನಿಲ್ಲಿಸಿದೆ. ಲೋಬಾನದ ಹೊಗೆ ಹಾಕಿದೆ. ದಪ್ಪ ದನಿಯಲ್ಲಿ ಮೊದಲ ವಾಕ್ಯ ಓದುವಷ್ಟರಲ್ಲಿ ಡಾಕ್ಟರು ಅಂಗಿಯ ಎರಡು ಗುಂಡಿ ಬಿಚ್ಚಿದ್ದರು. ರಫೀಕ್ ನನ್ನ ಟಿಪ್ಪಣಿಯ ಮೂರು ಹಾಳೆಗಳಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

ವಾಡೆಯ ಹೊರಗೋಡೆಯಿಂದ ರಕ್ತ ಸೋರುತ್ತಿದೆ ಎಂದೆ. ಕೆಂಪಗಿದೆಯೋ ಕಪ್ಪಗಿದೆಯೋ ಎಂದು ಡಾಕ್ಟರು ವಿಚಾರಿಸಿದರು. ಕಪ್ಪು ಎಂದೆ. ಹಾಗಾದರೆ ಹಳೆಯದು, ಚಿಂತೆಯಿಲ್ಲ ಎಂದು ಮುಂದೆ ನಡೆದರು. ಬಾವಲಿ ಬಂದು ಕಚ್ಚಿತು ಎಂದೆ. ರಫೀಕ್ ತಕ್ಷಣ ಯಾವ ಯಾವ ದಿನ ಚುಚ್ಚುಮದ್ದು ಹಾಕಿಸಬೇಕೆಂದು ಬೆರಳು ಮಡಚುತ್ತ ಹೇಳಿದ. ಭಯದ ಅಧ್ಯಾಯ ನೋಡನೋಡುತ್ತಲೇ ಲಸಿಕೆ ಶಿಬಿರವಾಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, ಹಗಲಲ್ಲಿ ಕಿಟಕಿ ಮುಚ್ಚಿ ಹೊಗೆ ಹಾಕಿದ್ದೀರಲ್ಲ, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ನಮ್ಮ ಮನೆಯವರಿಗೆ ಎಂದಳು ಶಾಂತಾ. ಕಂಬಳಿ ಬಿಚ್ಚಿದೆ. ಫ್ಯಾನು ಹಾಕಿದೆ. ಮೇಣದಬತ್ತಿ ತಾನಾಗಿ ಆರಿತು.

ಇನ್ನು ಉಳಿದದ್ದು ಚಂದ್ರವ್ವ ಒಬ್ಬಳೇ. ಬಾಗಿಲಲ್ಲಿ ಬಿಚ್ಚುಗೂದಲು, ಹಸಿರು ಸೀರೆ, ನೆಲಕ್ಕೆ ತಾಗದ ಪಾದ. ಅನುಭವಿ ಆಟಗಾರರು ಇಂಥಲ್ಲಿ ಹೊಡೆದಾಡುತ್ತಾರೆ ಇಲ್ಲವೇ ಓಡುತ್ತಾರೆ. ಎರಡಕ್ಕೂ ನಾನು ಸಿದ್ಧನಿದ್ದೆ. ಗಿರಿಜಕ್ಕ ಎರಡನ್ನೂ ಮಾಡಲಿಲ್ಲ. ಆಕೆ ಯಾರು ಎಂದು ಕೇಳಿದರು. ಈ ಮನೆಯ ಮಗಳು ಎಂದೆ. ಯಾವಾಗ ಬಂದಿದ್ದಳು ಎಂದರು. ಪಂಚಮಿಗೆ ಎಂದೆ. ಹೊರಡುವ ಮೊದಲೇ ಸತ್ತಳೋ ಎಂದರು. ಹೌದೆಂದೆ. ಗಿರಿಜಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೋರ್ಟಿನಲ್ಲಿ ಎದುರಿನವರು ಬೆವರುವುದು ಆಗಲೇ ಎಂದು ಕೇಳಿದ್ದೇನೆ.

"ಅಂದ್ರ ಆಕಿಗೆ ಯಾರೂ ಉಡಿ ತುಂಬಿಲ್ಲ. ಉಡಿ ತುಂಬಲಾರದ ಮಗಳು ತವರಮನಿ ಹೆಂಗ ಬಿಡಬೇಕ್ರಿ ಮಾಸ್ತರ? ಅದಕ್ಕ ನಿಂತಾಳ ಪಾಪ."

ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು, ಎಲೆ ಅಡಿಕೆ, ಕುಪ್ಪಸದ ಖಣ ಸೆರಗಿಗೆ ಹಾಕದೆ ನಮ್ಮಲ್ಲಿ ಯಾವ ಮಗಳನ್ನು ಕಳಿಸುತ್ತಾರೆ? ನನ್ನ ತಂಗಿಗೇ ವರ್ಷ ವರ್ಷ ತುಂಬುತ್ತೇವೆ. ಇನ್ನೂರು ಪುಟ ಬರೆದ ನನಗೆ ಅದೊಂದು ಹೊಳೆದಿರಲಿಲ್ಲ. ಮಿರ್ಚಿ ಭಜಿ ತಟ್ಟೆ ಹಿಡಿದು ನಿಂತಿದ್ದ ಶಾಂತಾ, ಖರೇನ ಐತಿ ನೋಡ್ರಿ ಎಂದು ವಿರೋಧ ಪಕ್ಷ ಸೇರಿದಳು. ಖಣ ಹಸಿರಿರಲಿ ಎಂದೂ ಸೂಚಿಸಿದಳು. ಎಲೆಗೆ ಹೆಸರಾದ ನಮ್ಮ ಸವಣೂರಿನವೇ ಎಲೆ ಆಗಬೇಕು ಎಂದ ರಫೀಕ್. ಡಾಕ್ಟರು ಐದು ಬೊಗಸೆ ಅಕ್ಕಿ ಅಳೆದರು.

ನನಗುಳಿದದ್ದು ದಾಳ ಮಾತ್ರ. ಒಗೆಯಿರಿ, ಫಲಿಸುತ್ತದೋ ನೋಡೋಣ ಎಂದೆ.

"ಉಡಿ ತುಂಬಾಕ ದಾಳ ಯಾಕ್ರಿ?" ಎಂದರು ಗಿರಿಜಕ್ಕ. "ಬ್ಯಾಡ ಅಂದ ಹೆಣ್ಮಗಳನ್ನ ಎಲ್ಲೆರೆ ನೋಡೀರೇನು?"

ನೋಡಿರಲಿಲ್ಲ. ಚಂದ್ರವ್ವ ಸೆರಗೊಡ್ಡಿದಳು, ಹೊಸ್ತಿಲಿಗೆ ನಮಸ್ಕರಿಸಿದಳು, ಹೊರಟು ನಿಂತಳು. ಮೂರು ತಿಂಗಳ ಕಥೆ ಮೂರೂವರೆಗೆ ಮುಗಿಯಿತು! ದೆವ್ವವೇ ಹೊರಟ ಮೇಲೆ ಹಗೇವಿನ ರಹಸ್ಯ ಯಾರಿಗೆ ಬೇಕು? ನಾನು ಕಥೆ ಬರೆದ ವಹಿ ಮುಚ್ಚಿದೆ. ಇದೇ ಕಡೆಯ ಭಾನುವಾರ ಎಂದುಕೊಂಡೆ.

"ವಹಿ ಯಾಕ ಮುಚ್ಚಿದ್ರಿ?" ಎಂದರು ಡಾಕ್ಟರು. "ಆಕಿನ್ನ ಒಬ್ಬಾಕಿನ್ನ ಕಳಸ್ತೀರೇನು? ಗಂಡನ ಮನಿಗೆ ಮುಟ್ಟಿಸಿ ಬರಾವ್ರು ಯಾರು?"

ಯಾವ ಊರು ಎಂದು ರಫೀಕ್ ಕೇಳಿದ. ವಹಿಯಲ್ಲಿ ಅಂಥದ್ದೇನೂ ಇರಲಿಲ್ಲ. ತಡಸ ಎಂದುಬಿಟ್ಟೆ. ಅವರು ಚಕ್ಕಡಿ ಹೂಡಿದರು, ಪಂಚಮಿ ಉಂಡಿಗಳ ಡಬ್ಬಿ ಹೇರಿದರು, ದೆವ್ವವನ್ನು ನಡುವೆ ಕೂರಿಸಿಕೊಂಡು ತಡಸ ಮುಟ್ಟಿ ಬಾಗಿಲು ಬಡಿದರು. ಯಾರಾದರೂ ಬಾಗಿಲು ತೆಗೆಯಬೇಕಲ್ಲ? ಅತ್ತೆ ತೆಗೆದಳು. ಟಿಪ್ಪಣಿಯಿಲ್ಲ, ದಪ್ಪ ದನಿಯಿಲ್ಲ. ಅತ್ತೆಯಾಗಿ ಬಾಯಿಗೆ ಬಂದದ್ದನ್ನು ಆಡಿದೆ.

"ಯಾಕ ಇಷ್ಟ ತಡಾ? ದಾರ್ಯಾಗ ನೀರ ಕುಡದ್ರೇನು? ಎಲ್ಲೀ ನೀರ? ಕಾಸಿದ್ದೋ ಹಂಗ ಕುಡದ್ರೋ? ಚಕ್ಕಡಿ ಅಲ್ಲೆ ನಿಲ್ಲಿಸೀರಿ, ಯಾರರೆ ಬಂದು ಹಾಯ್ದರ? ಡಬ್ಬಿ ಮುಚ್ಚಳ ಬಿಗಿ ಐತೋ ಇಲ್ಲೋ? ಬರೂ ಮುಂದ ಕದಾ ಹಾಕಿದ್ರೇನು? ಹಾಕಿ ಜಗ್ಗಿ ನೋಡಿದ್ರೇನು?"

ನಿಲ್ಲಿಸಲು ನನಗೇ ಆಗಲಿಲ್ಲ. ಡಾಕ್ಟರ ಕೈಯ ಭಜಿ ಅರ್ಧ ದಾರಿಯಲ್ಲಿ ನಿಂತಿತ್ತು. ರಫೀಕ್ ಕುರ್ಚಿಯನ್ನು ನಿಜವಾಗಿಯೂ ಹಿಂದೆ ಸರಿಸಿದ. ತಾನು ಚಂದ್ರವ್ವನ ಬೆನ್ನ ಹಿಂದೆ ಅಡಗುತ್ತೇನೆ ಎಂದ. ಗಿರಿಜಕ್ಕ ತಾವಾಗಿಯೇ ದಾಳ ತೆಗೆದುಕೊಂಡು ಧೈರ್ಯ ಉಳಿಯಿತೋ ನೋಡಲು ಒಗೆದರು. ಇಪ್ಪತ್ತರಲ್ಲಿ ಎರಡು ಬಿತ್ತು.

"ನಾ ಓಡ್ತೇನಿ" ಎಂದರು.

ಆರು ವರ್ಷದಲ್ಲಿ ಅವರು ಓಡಿದ್ದು ಅದೇ ಮೊದಲು! ಆ ಮನೆಯೊಳಗೆ ಹೇಗೆ ಕಾಲಿಡುವುದೆಂದು ಮೂವರೂ ಬಸ್‌ಸ್ಟ್ಯಾಂಡಿನವರೆಗೂ ಚರ್ಚಿಸಿದರು. ಮುಂದಿನ ವಾರ ಒಂದು ತಾಸು ಮೊದಲೇ ಬರುತ್ತೇವೆ ಎಂದು ಡಾಕ್ಟರು ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದರು. ನಾನು ಮನೆಗೆ ಬಂದವನೇ ಶಾಂತಾಳ ಮುಂದೆ ಎದೆಯುಬ್ಬಿಸಿ ನಿಂತೆ. ಒಂದು ಸಾಲೂ ಬರೆದಿರಲಿಲ್ಲ ನೋಡು, ಆ ಮುದುಕಿ ಅದೆಲ್ಲಿಂದ ನನ್ನ ಬಾಯಿಗೆ ಬಂದಳೋ, ಇದಕ್ಕೇ ಪ್ರತಿಭೆ ಎನ್ನುವುದು ಎಂದೆ.

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು.

"ಎಲ್ಲಿಂದ ಬರ್ತಾಳ್ರಿ. ದಿನಾ ನಾ ಹೊರಗ ಹೋಗಿ ಬಂದ ಕೂಡ್ಲೆ ನೀವು ಕೇಳೂದ ಇದನ್ನ."

ನಾನು ಏನೋ ಹೇಳಲು ಬಾಯಿ ತೆರೆದೆ. ಬಂದ ಮಾತು, ಭಜಿ ಕರಿದ ಮೇಲೆ ಗ್ಯಾಸ್ ಬಂದ್ ಮಾಡಿದ್ದೀಯಾ ಎಂಬುದಾಗಿತ್ತು. ನುಂಗಿಕೊಂಡು, ಸದ್ದಾಗದಂತೆ ಅಡುಗೆಮನೆಗೆ ಹೋಗಿ ನಾನೇ ನೋಡಿದೆ.

ಬಂದ್ ಆಗಿತ್ತು.