ಮಾವನ ಕಣ್ಣಿಗೆ ಲೋಕವೆಲ್ಲ ಡೊಂಕು

ನಮ್ಮ ಸೋದರಮಾವನ ಪ್ರಕಾರ ಈ ಭೂಮಿಯ ಮೇಲೆ ನೆಟ್ಟಗಿರುವುದು ಒಂದೇ ಒಂದು: ಅವರ ದೃಷ್ಟಿ! ಶಹಾಬಾದಿನ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರ್ಖಾನೆಯೊಂದರಲ್ಲಿ ನಲವತ್ತು ವರ್ಷ ಅವರದು ಒಂದೇ ಕೆಲಸ. ಕೊರೆದ ಕಲ್ಲಿನ ಅಂಚಿಗೆ ಒಂದು ಕಣ್ಣು ಹಚ್ಚಿ, ಇನ್ನೊಂದು ಮುಚ್ಚಿ, "ನಡೀತದ" ಅಥವಾ "ತಗೀರಿ ಆಚೆ" ಎನ್ನುವುದು. ದಾರ, ಪಟ್ಟಿ ಎಲ್ಲ ಕಣ್ಣಿಲ್ಲದವರಿಗೆ ಎಂಬ ಜಂಬ ಬೇರೆ.

ನನಗೆ ಕನ್ಯೆ ನೋಡಲು ಗುಂಡಗುರ್ತಿಗೆ ಹೋದಾಗ ಎಲ್ಲರೂ ಹುಡುಗಿಯನ್ನು ನೋಡಿದರೆ ಇವರು ಹೊಸ್ತಿಲು ನೋಡುತ್ತ ಕೂತರು. "ಹೆಂಗ ಅನಸ್ತು ಮಾಮಾ?" ಎಂದೆ. "ಹುಡುಗಿ ಛಲೋ ಅದಾಳ. ಹೊಸ್ತಿಲ ಅರ್ಧ ಇಂಚು ಎಡಕ್ಕ ಇಳದದ!" ಬೀಗರು ಪಾಪ, ಮದುವೆಗೆ ಮೊದಲು ಹೊಸ್ತಿಲು ಕಿತ್ತು ಬೇರೆ ಹಾಕಿಸಿದರು.

ಹೋದ ವರ್ಷ ಇದ್ದಕ್ಕಿದ್ದಂತೆ ಕಲ್ಲೆಲ್ಲ ಡೊಂಕಾಗತೊಡಗಿದವು. ಸೇಡಂಗೆ ಹೊರಟಿದ್ದ ಲಾರಿ ತಡೆದು ಪೂರ್ತಿ ಖಾಲಿ ಮಾಡಿಸಿದರು. ಕೆಲಸಗಾರರು ದಾರ ಹಿಡಿದು, "ನೋಡ್ರಿ, ಸೀದಾ ಅದ" ಎಂದರು. ಮಾವ ಸೋಲುವವರೇ? "ದಾರನ ಡೊಂಕ ಅದಲ್ಲೋ!" ಎಂದರು.

ವಾಡಿ ಸ್ಟೇಷನ್ನಿನಲ್ಲಿ ನಾಲವಾರಕ್ಕೆ ಹೊರಟವರನ್ನೆಲ್ಲ ನಿಲ್ಲಿಸಿ, "ಹಳಿ ನಡುವ ಬಾಗ್ಯಾದ, ಗಾಡಿ ಹತ್ತಬ್ಯಾಡ್ರಿ!" ಎಂದು ಕೂಗಾಡಿದರು. ಅದೇ ಹಳಿಯ ಮೇಲೆ ಗಾಡಿ ಬಂತು, ಜನ ಹತ್ತಿದರು, ಹೋದರು. ಎಲ್ಲರೂ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ಮಾವ ರೊಟ್ಟಿ ಬಡಿಸುತ್ತಿದ್ದ ತಮ್ಮ ಹೆಂಡತಿಗೆ, ನಮ್ಮ ಅತ್ತೆಗೆ, "ಮುಖಕ್ಕ ಏನ ಹಚ್ಕೊಂಡೀದಿ? ಕರ್ರಗದ" ಎಂದರು. ಅತ್ತೆ ಸೆರಗಿನಿಂದ ಒರೆಸಿಕೊಂಡರು. "ಇನ್ನಾ ಅದ." ಮತ್ತೆ ಒರೆಸಿಕೊಂಡರು. "ಇನ್ನಾ ಅದಲ್ಲ!" ಅತ್ತೆಯ ಮುಖದಲ್ಲಿ ಏನೂ ಇರಲಿಲ್ಲ. ಆ ದಿನ ಯಾರೂ ನಗಲಿಲ್ಲ.

ಕಲಬುರಗಿಯಲ್ಲಿ ಕಣ್ಣಿನ ಡಾಕ್ಟರಮ್ಮ ಪರೀಕ್ಷಿಸಿದರು. ವಯಸ್ಸಿಗೆ ಕಣ್ಣೊಳಗಿನ ಪರದೆ ಕೆಟ್ಟಿದೆ. ಬಲಗಣ್ಣಿನ ನಡುವಿನ ನೋಟ ಹೋಗಿದೆ, ಬರುವುದಿಲ್ಲ. ಎಡಗಣ್ಣೂ ಅದೇ ದಾರಿ ಹಿಡಿದು ನಡುವೆ ಕಪ್ಪು ಕವಿದಿದೆ. ಕಣ್ಣಿಗೆ ಔಷಧದ ಸೂಜಿ ಹಾಕಿದರೆ ಉಳಿದಷ್ಟು ಉಳಿದೀತು ಎಂದರು. ಮಾವ ನನ್ನ ಕಡೆ ತಿರುಗಿದರು. "ಹಂಗಾರ ಆ ಲಾರಿ ಕಲ್ಲು ಸೀದಾನ ಇದ್ದವೇನು?" ಎಂದು ನನ್ನನ್ನು ಕೇಳಿದರು.

"ಸೂಜಿ ಹಾಕೂ ಮುಂಚೆ ಎಡಗಣ್ಣಿನ ಮುಂಭಾಗದಿಂದ ಒಂದು ಹನಿ ನೀರು ತಗೋಬಹುದೇನ್ರಿ?" ಡಾಕ್ಟರ್ ಕೇಳಿದರು. "ಅದರಾಗ ಪ್ರೋಟೀನು ಇರ್ತಾವ. ಯಾವುದು ಹೆಚ್ಚು, ಯಾವುದು ಕಡಿಮಿ ನೋಡಿ, ಯಾರ ಕಣ್ಣು ಕೆಡ್ತದ ಅಂತ ಮೊದಲ ಹೇಳಾಕ ಬರ್ತದೇನೋ ಅಂತ ಪರೀಕ್ಷೆ ಮಾಡಾಕತ್ತೀವಿ. ಒಲ್ಲೆ ಅಂದ್ರೂ ಸೂಜಿ ಹಾಕ್ತೀವಿ."

"ಅದರಿಂದ ನನ್ನ ಕಣ್ಣು ಬರ್ತದೇನ್ರಿ?"

"ಇಲ್ಲ ಅಜ್ಜಾರ."

ಮಾವ ಎದ್ದು ಬಾಗಿಲ ಕಡೆ ನಡೆದೇಬಿಟ್ಟರು! "ಉಳದದ್ದ ಒಂದು ಕಣ್ಣು, ಅದರ ನೀರೂ ನಿಮಗ ಕೊಡಬೇಕ? ಭಾಳ ಛಲೋ ಆಯ್ತು!"

ಡಾಕ್ಟರ್ ನಕ್ಕು ನನ್ನತ್ತ ತಿರುಗಿದರು. "ಮನ್ಯಾಗ ಮತ್ಯಾರಿಗಾದ್ರೂ ಹಿಂಗ ಇತ್ತೇನ್ರಿ? ರಕ್ತಸಂಬಂಧದಾಗ ಬರೋದುಂಟು."

ಇವರ ಅಕ್ಕ, ಎಂದರೆ ನಮ್ಮವ್ವ, ಕೊನೆಕೊನೆಗೆ ನಮ್ಮನ್ನು ದನಿಯಿಂದಲೇ ಗುರುತಿಸುತ್ತಿದ್ದಳು ಎಂದೆ. ವಯಸ್ಸಾಯಿತೆಂದು ನಾವು ಸುಮ್ಮನಿದ್ದೆವು.

ಮಾವ ಬಾಗಿಲಲ್ಲೇ ನಿಂತರು. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನೇರ ನೋಡಿದರೆ ಕತ್ತಲೆ. ಯಾರನ್ನಾದರೂ ಕಾಣಬೇಕಾದರೆ ಈಗ ಅವರು ಬೇರೆ ಕಡೆ ನೋಡಬೇಕು. ಹಾಗೆ ಕಣ್ಣಂಚಿನಿಂದ ಬಹಳ ಹೊತ್ತು ನನ್ನನ್ನು ನೋಡಿ, ಬಂದು ಕುರ್ಚಿಯಲ್ಲಿ ಕೂತು, ನನ್ನ ಕೈ ಹಿಡಿದುಕೊಂಡರು.

"ತಗೋರಿ ಡಾಕ್ಟರಮ್ಮ. ಒಂದಲ್ಲ, ಎರಡು ಹನಿ ತಗೋರಿ. ಇವ ನಮ್ಮಕ್ಕನ ಮಗ. ಇವಗ ಮೊದಲ ಗೊತ್ತಾಗಬೇಕು" ಎನ್ನುತ್ತ ನನ್ನತ್ತಲೇ ನೇರ ಮುಖ ಮಾಡಿದರು.

ನಾನು ಅಳುತ್ತಿದ್ದೆ. ಸರಿಯಾಗಿ ಎದುರಿಗೇ ಇದ್ದದ್ದರಿಂದ ಅವರಿಗೆ ಕಾಣಲಿಲ್ಲ.