ಅರ ಹಿಡಿದ ಮಾವ

ನಮ್ಮ ಸೋದರಮಾವನನ್ನು ಊಟಕ್ಕೆ ಕರೆದು ನೋಡಿ, ಹೋಗುವ ಮುಂಚೆ ನಿಮ್ಮ ಬಾಗಿಲ ಚಿಲಕವನ್ನು ಉಜ್ಜಿ ನುಣ್ಣಗೆ ಮಾಡಿಯೇ ಹೋಗುತ್ತಾರೆ! ಗುಂಡ್ಲುಪೇಟೆ ಕಡೆಯ ನಮ್ಮೂರು ಬೇಗೂರಿನಲ್ಲಿ ಇದು ಎಲ್ಲರಿಗೂ ಗೊತ್ತು. ಬೆಂಗಳೂರಲ್ಲಿ ವಿಮಾನ ರಿಪೇರಿಯ ಕಡೆ ನಿವೃತ್ತಿಯವರೆಗೂ ಅರ ಹಿಡಿದು ಲೋಹ ಉಜ್ಜಿದವರು. ಊರಿಗೆ ಮರಳುವಾಗ ತಮ್ಮ ಅರಗಳನ್ನೂ ಬಟ್ಟೆಯಲ್ಲಿ ಸುತ್ತಿ ತಂದರು: ಚಪ್ಪಟೆಯದು, ದುಂಡನೆಯದು, ಮೂರು ಮೂಲೆಯದು, ಇಲಿಬಾಲದಂಥದ್ದು. ಒಮ್ಮೆ ಅತ್ತೆ ಅದರಲ್ಲೊಂದನ್ನು ತೆಗೆದುಕೊಂಡು ತೆಂಗಿನಕಾಯಿ ಸುಲಿಯಲು ಹೋದಳೆಂದು ವಾರವಿಡೀ ಅವಳ ಜೊತೆ ಮಾತು ಬಿಟ್ಟಿದ್ದರು.

ವಿಮಾನದ ತಗಡಿನಲ್ಲಿ ಕೂದಲೆಳೆಯಷ್ಟು ಗೀರು ಉಳಿದರೂ ಅದು ಮುಂದೆ ಬಿರುಕಾಗುತ್ತದಂತೆ. ಸರಿ, ಒಪ್ಪೋಣ. ಆದರೆ ನಮ್ಮ ಕೊಟ್ಟಿಗೆಯ ಸರಪಳಿ ಯಾವ ಆಕಾಶಕ್ಕೆ ಹಾರಬೇಕಿತ್ತು?

ಒಂದು ಸಲ ಮದುವೆಗೆಂದು ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿದ್ದೆವು. ಸೀಟಿನ ಕಿತ್ತ ತಗಡಿಗೆ ಅತ್ತೆಯ ಸೆರಗು ಸಿಕ್ಕಿಕೊಂಡಿತು. ಮಾವ ಕೈಚೀಲದಿಂದ ಅರ ತೆಗೆದು ಅಲ್ಲೇ ಕೂತು ಉಜ್ಜತೊಡಗಿದರು. ಆ ಕಿರ್ರೆನ್ನುವ ಸದ್ದಿಗೆ ಡ್ರೈವರು ಹೆದರಿ, ಬಸ್ಸು ನಿಲ್ಲಿಸಿ, ಇಳಿದು ಚಕ್ರ ನೋಡಿ ಬಂದ.

ವಿಷಯ ತಿಳಿದ ಕಂಡಕ್ಟರು, "ಯಜಮಾನ್ರೇ, ಬಸ್ಸು ನಾಳೀಕೂ ಬೇಕು, ಒಸಿ ಉಳ್ಸಿ" ಅಂದ.

ಅತ್ತೆ ನಾಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಆದರೆ ಸೆರಗನ್ನು ಮೆಲ್ಲಗೆ ಅದೇ ಅಂಚಿನ ಮೇಲೆ ಎಳೆದು, ಸಿಕ್ಕಿಕೊಳ್ಳುವುದಿಲ್ಲವೆಂದು ನೋಡಿ ನಕ್ಕದ್ದು ನನಗೆ ಕಂಡಿತು.

ಅತ್ತೆ ಹೋದ ವರ್ಷ ತೀರಿಕೊಂಡಳು. ಆಮೇಲೆ ಮಾವ ಆ ಅರಗಳ ಗಂಟನ್ನು ಬಿಚ್ಚಿದ್ದನ್ನು ಯಾರೂ ನೋಡಲಿಲ್ಲ. ಊರಿನ ಚಿಲಕಗಳೆಲ್ಲ ತುಕ್ಕು ಹಿಡಿದವು. ಮೊದಲು ಬೈದುಕೊಳ್ಳುತ್ತಿದ್ದವರೇ, ಬಂದು ಉಜ್ಜಬಾರದೇ ಎಂದು ಕಾಯತೊಡಗಿದರು.

ಕೈಗೊಂದು ಕೆಲಸ ಸಿಗಲಿ ಎಂದು ಮೊನ್ನೆ ನಾನೇ ಅತ್ತೆಯ ಅಲ್ಯೂಮಿನಿಯಂ ಸಾರಿನ ಪಾತ್ರೆ ಅವರ ಮುಂದಿಟ್ಟೆ. ಅಂಚೆಲ್ಲ ನೆಗ್ಗಿ ಕಚ್ಚುಬಿದ್ದಿದೆ, ತೊಳೆಯುವಾಗ ಕೈ ಗೀರುತ್ತದೆ ಎಂದೆ.

ಮಾವ ಅರಗಳ ಗಂಟು ಬಿಚ್ಚಿದರು. ಲೋಹದ ಪುಡಿ ಅರದ ಹಲ್ಲುಗಳಿಗೆ ಕಚ್ಚಿಕೊಳ್ಳದಂತೆ ಅದಕ್ಕೆ ಸೀಮೆಸುಣ್ಣವನ್ನೂ ಬಳಿದರು. ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸುತ್ತ ಬಂದವರು ಒಂದು ಕಡೆ ನಿಲ್ಲಿಸಿದರು. ಅದು ಅತ್ತೆ ಸಾರು ತಿರುವಿ ಸೌಟು ಬಡಿಯುತ್ತಿದ್ದ ಜಾಗ. ಆ ಸದ್ದು ಕೇಳಿದರೆ ಮಾವ ಹಿತ್ತಲಲ್ಲಿದ್ದರೂ ಊಟಕ್ಕೆ ಬರುತ್ತಿದ್ದರು.

"ಬುಡು ಕಣಮ್ಮಿ," ಅಂದರು. "ಇದು ಅವ್ಳು ಮಾಡಿರ ಕೆಲ್ಸ."

ಅರವನ್ನು ಒರೆಸಿ ಸುತ್ತಿಟ್ಟರು. ಮಧ್ಯಾಹ್ನ ಅದೇ ಪಾತ್ರೆಯಲ್ಲಿ ತಾವೇ ಹುರುಳಿ ಸಾರು ಕಾಯಿಸಿದರು. ನಾನು ಜಗಲಿಯಲ್ಲಿದ್ದೆ. ಒಳಗಿಂದ ಸೌಟು ಬಡಿದ ಸದ್ದು ಬಂತು. ಸರಿಯಾಗಿ ಬರಲಿಲ್ಲವೇನೋ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, ಇನ್ನೊಮ್ಮೆ.